ನಾವೇ ಕಟ್ಟಿದ ಗುಪ್ತಲಿಪಿಯಲ್ಲಿ ಪಾಸ್‌ವರ್ಡ್ ಬರೆದಿಟ್ಟರೆ ಸಾಕೇ?

ನೀವು ಕೇಳಿದ್ದು ಇಷ್ಟು: ಕನ್ನಡದ ಅಕ್ಷರಗಳನ್ನು ಅದಲುಬದಲು ಮಾಡಿ ನಿಮ್ಮದೇ ಒಂದು ಗುಪ್ತಲಿಪಿ ಕಟ್ಟಿಕೊಂಡಿದ್ದೀರಿ. ಬ್ಯಾಂಕಿನ ವಿವರ, ಪಾಸ್‌ವರ್ಡ್‌ಗಳನ್ನೆಲ್ಲ ಅದರಲ್ಲಿ ಬರೆದು ಮೊಬೈಲಿನ ಟಿಪ್ಪಣಿಯಲ್ಲಿ ಇಟ್ಟಿದ್ದೀರಿ. ಎಟಿಎಂ ಪಿನ್‌ಗೆ ಕಟಪಯಾದಿ, ಅಂದರೆ ಪ್ರತಿ ವ್ಯಂಜನಕ್ಕೂ ಒಂದು ಅಂಕಿ ಕೊಡುವ ಹಳೆಯ ಸೂತ್ರ. ಇಷ್ಟು ಮಾಡಿದರೆ ಕಂಪ್ಯೂಟರ್‌ಗೂ ಬಿಡಿಸಲು ಬರುವುದಿಲ್ಲ, ಅಲ್ಲವೇ?

ಬರುತ್ತದೆ. ಕಂಪ್ಯೂಟರ್ ಕೂಡ ಬೇಡ, ಪೆನ್ನು ಕಾಗದ ಸಾಕು. ನಾನು ಮಂಡ್ಯದ ಒಂದು ಪದವಿ ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ಸಂಖ್ಯಾಸಿದ್ಧಾಂತದ ಪಾಠ ಶುರು ಮಾಡುವ ದಿನ ಕಪ್ಪುಹಲಗೆಯ ಮೇಲೆ ಇಂಥದೊಂದು ಸಾಲು ಬರೆಯುತ್ತೇನೆ:

ಖಭ್ಭಿಪ ಘಧ್ಧೆರವ್ವಿ

ಪ್ರತಿ ವ್ಯಂಜನವನ್ನೂ ವರ್ಣಮಾಲೆಯಲ್ಲಿ ಒಂದು ಸ್ಥಾನ ಮುಂದಕ್ಕೆ ತಳ್ಳಿದ್ದು, ಅಷ್ಟೇ. ಜೂಲಿಯಸ್ ಸೀಸರ್ ಮೂರು ಸ್ಥಾನ ತಳ್ಳುತ್ತಿದ್ದ. ಈ ಸಲ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ತಕ್ಷಣ ಎದ್ದು, "ಮೇಡಂ, ಕೊನೆಯದು ‘ಲ್ಲಿ’ ಇರಬೇಕು" ಎಂದಳು. ಅಲ್ಲಿಂದ "ಕಬ್ಬಿನ ಗದ್ದೆಯಲ್ಲಿ" ಎಂದು ಓದಲು ತರಗತಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ನಿಮ್ಮದು ಸಾಲಾಗಿ ತಳ್ಳಿದ್ದಲ್ಲ, ಮನಬಂದಂತೆ ಬದಲಿಸಿದ್ದು ಎಂದು ಬರೆದಿದ್ದೀರಿ. ಲೆಕ್ಕದಲ್ಲಿ ಅದು ಭಾರಿ ಬಲಶಾಲಿಯಾಗಿಯೇ ಕಾಣುತ್ತದೆ. ಕ ಇಂದ ಳ ವರೆಗೆ 34 ವ್ಯಂಜನಗಳು. ಅವನ್ನು ಅದಲುಬದಲು ಮಾಡುವ ಬಗೆಗಳು 34×33×32 ಎಂದು 1ರವರೆಗೆ ಗುಣಿಸಿದಷ್ಟು. ಅದು 39 ಅಂಕಿಗಳ ಸಂಖ್ಯೆ. ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಎಇಎಸ್ ಎಂಬ ಎನ್‌ಕ್ರಿಪ್ಷನ್ (ಸಂದೇಶವನ್ನು ಗುಪ್ತಗೊಳಿಸುವ) ವಿಧಾನದಲ್ಲಿ 128 ಬಿಟ್ ಕೀಲಿಗಳು, ಅಂದರೆ 128 ಸೊನ್ನೆ-ಒಂದುಗಳ ಗುಟ್ಟಿನ ಸಾಲುಗಳು, ಎಷ್ಟಿವೆ ಎಂದು ಲೆಕ್ಕ ಹಾಕಿದರೂ 39 ಅಂಕಿಗಳ ಸಂಖ್ಯೆಯೇ ಬರುತ್ತದೆ. ಎರಡೂ ಹೆಚ್ಚುಕಡಿಮೆ ಸರಿಸಮ! ನನಗೆ ಈ ಹೋಲಿಕೆ ಎಷ್ಟು ಸಲ ನೋಡಿದರೂ ಬೆರಗು ಹುಟ್ಟಿಸುತ್ತದೆ. ಹಾಗಿದ್ದರೆ ಒಂದು ಮುರಿಯುವುದೇಕೆ, ಇನ್ನೊಂದು ನಿಲ್ಲುವುದೇಕೆ?

ಅಕ್ಷರ ಬದಲಿಸಿದ ಮಾತ್ರಕ್ಕೆ ಭಾಷೆಯ ಚಾಳಿ ಬದಲಾಗುವುದಿಲ್ಲ. ಕನ್ನಡದ ಒಂದು ಪುಟ ತೆಗೆದುಕೊಳ್ಳಿ. ‘ಅನ್ನು’, ‘ಅಲ್ಲಿ’, ‘ಗಳು’ ಎಂದು ಕೊನೆಯಾಗುವ ಪದಗಳು ಸಾಲುಸಾಲಿಗೂ ಸಿಗುತ್ತವೆ. ನ, ದ, ಲ, ರ, ಗ ಮತ್ತೆ ಮತ್ತೆ ಬರುತ್ತವೆ. ಝ, ಛ, ಠ ಅಪರೂಪ. ನಿಮ್ಮ ಬರಹದಲ್ಲಿ ‘ಝ’ ಪುಟದ ತುಂಬ ಕಂಡರೆ ಅದು ನಿಜವಾದ ಝ ಅಲ್ಲ ಎಂಬುದು ಗೊತ್ತಾಗಿಹೋಗುತ್ತದೆ. ಒತ್ತಕ್ಷರಗಳಂತೂ ಇನ್ನೂ ದೊಡ್ಡ ಚಾಡಿಕೋರರು. ಕಾಗುಣಿತ ಬದಲಿಸದೆ ಬಿಟ್ಟಿದ್ದರೆ ಕೇಳುವುದೇ ಬೇಡ. 39 ಅಂಕಿಗಳಷ್ಟು ಕೀಲಿಗಳನ್ನು ಒಂದೊಂದಾಗಿ ಪರೀಕ್ಷಿಸುವ ಗೋಜಿಗೇ ಯಾರೂ ಹೋಗಬೇಕಾಗಿಲ್ಲ. ಅಕ್ಷರಗಳ ಆವರ್ತನ ಎಣಿಸಿ ಗುಪ್ತಲಿಪಿ ಬಿಡಿಸುವ ಈ ಉಪಾಯವನ್ನು ಬಾಗ್ದಾದ್‌ನ ವಿದ್ವಾಂಸ ಅಲ್ ಕಿಂದಿ 9ನೇ ಶತಮಾನದಲ್ಲೇ ಬರೆದಿಟ್ಟ.

ಕಟಪಯಾದಿಯ ವಿಷಯಕ್ಕೆ ಬರೋಣ. ಕರ್ನಾಟಕ ಸಂಗೀತದ ರಾಗ ಮಾಯಾಮಾಳವಗೌಳದ ಮ 5, ಯ 1. ತಿರುಗಿಸಿ ಓದಿದರೆ 15, ಆ ರಾಗದ ಮೇಳಕರ್ತ ಸಂಖ್ಯೆ, ಅಂದರೆ ಮೂಲ ರಾಗಗಳ ಪಟ್ಟಿಯಲ್ಲಿ ಅದರ ಕ್ರಮಸಂಖ್ಯೆ. ಅದೇ ಸೂತ್ರದಲ್ಲಿ ನೀವು ‘ಚಾಮರಾಜ’ ಎಂದು ಬರೆದಿಟ್ಟರೆ ಪಿನ್ 8256 ಆಗುತ್ತದೆ. ಆದರೆ ಮೈಸೂರಿನಲ್ಲಿ ಸಂಗೀತ ಕಲಿತವರು ಬೀದಿಗೊಬ್ಬರು ಸಿಗುತ್ತಾರೆ! ಕಟಪಯಾದಿ ಹುಟ್ಟಿದ್ದು ನೆನಪಿಟ್ಟುಕೊಳ್ಳಲು, ಮುಚ್ಚಿಡಲು ಅಲ್ಲ. ಪದ ನಿಮ್ಮ ತಲೆಯಲ್ಲಷ್ಟೇ ಇದ್ದರೆ ಒಳ್ಳೆಯ ಜ್ಞಾಪಕಸೂತ್ರ. ಕಾಗದಕ್ಕೆ ಇಳಿದರೆ ಪಿನ್ನನ್ನೇ ಬರೆದಂತೆ.

ನಿಮ್ಮ ಎರಡೂ ಏರ್ಪಾಡುಗಳಲ್ಲಿ ಗುಟ್ಟು ಇರುವುದು ವಿಧಾನದಲ್ಲಿ. ವಿಧಾನ ಬಯಲಾದರೆ ಎಲ್ಲವೂ ಮುಗಿಯಿತು. 1883ರಲ್ಲೇ ಆಗಸ್ಟ್ ಕೆರ್ಕ್‌ಹಾಫ್ಸ್ ಎಂಬ ಭಾಷಾಪಂಡಿತ ಇದಕ್ಕೆ ಸರಿಯಾದ ನಿಯಮ ಹೇಳಿದ: ವಿಧಾನ ಶತ್ರುವಿನ ಕೈಗೆ ಸಿಕ್ಕರೂ ತೊಂದರೆಯಾಗಬಾರದು, ಕೀಲಿ ಮಾತ್ರ ಗುಟ್ಟಾಗಿದ್ದರೆ ಸಾಕು. ಎಇಎಸ್ ಬಂದದ್ದು ಈ ದಾರಿಯಲ್ಲೇ. 1997ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಬಹಿರಂಗವಾಗಿ ಆಹ್ವಾನ ಕೊಟ್ಟಿತು. 15 ವಿಧಾನಗಳು ಕಣಕ್ಕಿಳಿದವು. ಜಗತ್ತಿನ ಗಣಿತಜ್ಞರೆಲ್ಲ ಅವನ್ನು ಮುರಿಯಲು ನೋಡಿದರು. ಕೊನೆಗೆ ಬೆಲ್ಜಿಯಂನ ಇಬ್ಬರ ವಿಧಾನ ಆಯ್ಕೆಯಾಗಿ 2001ರಲ್ಲಿ ಮಾನಕವಾಯಿತು. ಅದರ ಪ್ರತಿ ಹೆಜ್ಜೆಯನ್ನೂ ಯಾರು ಬೇಕಾದರೂ ಓದಬಹುದು. ಅಷ್ಟು ಜನರ ಕಣ್ಣಿಗೆ ಬಿದ್ದೂ ಉಳಿದದ್ದರಿಂದಲೇ ಅದನ್ನು ನಂಬಬೇಕು.

ಆದರೆ ಸಂದೇಶ ಕಳಿಸುವವರು, ಪಡೆಯುವವರು ಇಬ್ಬರ ಬಳಿಯೂ ಒಂದೇ ಕೀಲಿ ಇರಬೇಕಲ್ಲ, ಅದನ್ನು ಎಲ್ಲರ ಎದುರಿಗೇ ಹಂಚಿಕೊಳ್ಳುವುದು ಹೇಗೆ? 1976ರಲ್ಲಿ ಅಮೆರಿಕದ ಗುಪ್ತಲಿಪಿ ತಜ್ಞರಾದ ಡಿಫಿ ಮತ್ತು ಹೆಲ್‌ಮನ್ ಕೊಟ್ಟ ಉತ್ತರ ನನ್ನ ಪಾಲಿಗೆ ಗಣಿತದ ಅತ್ಯಂತ ಸುಂದರ ಸಂಗತಿಗಳಲ್ಲೊಂದು. ಮಂಡ್ಯಕ್ಕೆ ಹೊರಟ ರೈಲಿನ ತುಂಬಿದ ಬೋಗಿಯಲ್ಲಿ ಎದುರುಬದುರು ಕೂತ ಇಬ್ಬರು, ಎಲ್ಲರಿಗೂ ಕೇಳುವಂತೆ ಮಾತಾಡಿ, ಇಬ್ಬರಿಗೆ ಮಾತ್ರ ಗೊತ್ತಿರುವ ಒಂದು ಸಂಖ್ಯೆಗೆ ಬರಬಹುದು. 23 ಮತ್ತು 5 ಎಂದು ಗಟ್ಟಿಯಾಗಿ ಒಪ್ಪಿಕೊಳ್ಳುತ್ತಾರೆ. ಮೊದಲನೆಯವರು ಮನಸ್ಸಿನಲ್ಲಿ 3 ಇಟ್ಟುಕೊಂಡು ಮೂರು ಐದುಗಳನ್ನು ಗುಣಿಸುತ್ತಾರೆ: 125. ಅದನ್ನು 23ರಿಂದ ಭಾಗಿಸಿದರೆ ಶೇಷ 10. "ಹತ್ತು" ಎಂದು ಹೇಳುತ್ತಾರೆ. ಎರಡನೆಯವರ ಮನಸ್ಸಿನಲ್ಲಿ 7. ಏಳು ಐದುಗಳ ಗುಣಲಬ್ಧ 78,125, ಶೇಷ 17. "ಹದಿನೇಳು" ಎನ್ನುತ್ತಾರೆ. ಈಗ ಮೊದಲನೆಯವರು 17ನ್ನು ಮೂರು ಸಲ ಗುಣಿಸಿದರೆ 4,913, ಶೇಷ 14. ಎರಡನೆಯವರು 10ನ್ನು ಏಳು ಸಲ ಗುಣಿಸಿದರೆ ಒಂದು ಕೋಟಿ, ಶೇಷ ಮತ್ತೆ 14! ಬೋಗಿಯವರಿಗೆ ಕೇಳಿಸಿದ್ದು 23, 5, 10, 17 ಮಾತ್ರ. 14ನ್ನು ಯಾರೂ ಉಚ್ಚರಿಸಲೇ ಇಲ್ಲ. ಇಷ್ಟು ಸಣ್ಣ ಸಂಖ್ಯೆಗಳಾದರೆ ತಡಕಾಡಿ ಕಂಡುಹಿಡಿಯಬಹುದು. 23ರ ಜಾಗದಲ್ಲಿ ಆರುನೂರಕ್ಕೂ ಹೆಚ್ಚು ಅಂಕಿಗಳ, ಸರಿಯಾಗಿ ಆರಿಸಿದ ಅವಿಭಾಜ್ಯ ಸಂಖ್ಯೆ ಇಟ್ಟರೆ ಇಂದಿನ ಕಂಪ್ಯೂಟರ್‌ಗಳಿಂದ ಸಾಧ್ಯವಿಲ್ಲ. ವಾಟ್ಸಾಪ್‌ನಂಥವು ಕೀಲಿ ಹೊಂದಿಸಿಕೊಳ್ಳುವುದು ಇದೇ ಕಲ್ಪನೆಯ ಬೇರೊಂದು ರೂಪದಿಂದ.

ಹಾಗಾದರೆ ದಿನಾ ಪತ್ರಿಕೆಯಲ್ಲಿ ಬರುವ ವಂಚನೆಗಳು? ಅಲ್ಲಿ ಎನ್‌ಕ್ರಿಪ್ಷನ್ ಮುರಿಯುವ ಕಷ್ಟವನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ನಮ್ಮ ಬೀದಿಯ ನಿವೃತ್ತ ಮೇಷ್ಟರೊಬ್ಬರಿಗೆ ಮದುವೆಯ ಕರೆಯೋಲೆ ಎಂಬ ಹೆಸರಿನಲ್ಲಿ ಒಂದು ಫೈಲ್ ಬಂತು. ಅದು ಎಪಿಕೆ, ಅಂದರೆ ಆ್ಯಪ್. ಒತ್ತಿದರು, ಕೇಳಿದ ಅನುಮತಿಗಳನ್ನೆಲ್ಲ ಕೊಟ್ಟರು. ಅಲ್ಲಿಂದ ಒಟಿಪಿಗಳು ಕಳ್ಳರ ಕೈಗೂ ಹೋಗತೊಡಗಿದವು. ಪಿಂಚಣಿಯ ಹಣ ಹೋಯಿತು. ಸಂದೇಶ ದಾರಿಯುದ್ದಕ್ಕೂ ಭದ್ರವಾಗಿಯೇ ಬಂದಿತ್ತು. ಅದು ತೆರೆದುಕೊಂಡಿದ್ದು ಅವರದೇ ಫೋನಿನಲ್ಲಿ, ಕಳ್ಳ ಕೂತಿದ್ದೂ ಅಲ್ಲೇ. ಇಂಥದ್ದು ನಡೆದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ನೀವು ಮಾಡಬೇಕಾದ್ದನ್ನು ಹೇಳಿಬಿಡುತ್ತೇನೆ. ಒಳ್ಳೆಯ ಪಾಸ್‌ವರ್ಡ್ ಮ್ಯಾನೇಜರ್ ಆ್ಯಪ್ ಒಂದನ್ನು ಬಳಸಿ. ಪ್ರತಿ ಖಾತೆಗೂ ಬೇರೆ ಪಾಸ್‌ವರ್ಡನ್ನು ಅದೇ ಹುಟ್ಟಿಸಿ ಇಟ್ಟುಕೊಳ್ಳುತ್ತದೆ. ಅದನ್ನು ತೆರೆಯುವ ಒಂದೇ ಒಂದು ಪಾಸ್‌ವರ್ಡನ್ನು ದಾಳ ಹಾಕಿ ಮಾಡಿಕೊಳ್ಳಿ. ಐದು ದಾಳಗಳನ್ನು ಒಂದರ ಪಕ್ಕ ಒಂದಿಟ್ಟು ಕ್ರಮವಾಗಿ ಓದಿದರೆ 7,776 ಫಲಿತಗಳು. ಅಷ್ಟೇ ಪದಗಳ ಪಟ್ಟಿಯಿಂದ ಹೀಗೆ ಐದು ಪದ ಆರಿಸಿದರೆ ಸಾಧ್ಯತೆಗಳ ಸಂಖ್ಯೆ 20 ಅಂಕಿಗಳಷ್ಟಾಗುತ್ತದೆ. ಚೌಕಾಬಾರದ ಕವಡೆ ಮಾತ್ರ ಬೇಡ, ಅವು ಎರಡೂ ಮಗ್ಗುಲಿಗೆ ಸಮನಾಗಿ ಬೀಳುವುದಿಲ್ಲ. ನೀವೇ ಯೋಚಿಸಿ ಆರಿಸುವುದೂ ಬೇಡ. ಮನೆದೇವರು, ಊರು, ಮಕ್ಕಳ ಹೆಸರುಗಳನ್ನೇ ಕಳ್ಳರು ಮೊದಲು ಹಾಕಿ ನೋಡುವುದು.

ಆ ಐದು ಪದಗಳನ್ನು ಕಾಗದದ ಮೇಲೆ ಸರಳ ಕನ್ನಡದಲ್ಲೇ ಬರೆದು ಬೀರುವಿನಲ್ಲಿಡಿ. ಎಲ್ಲೋ ದೂರದಲ್ಲಿ ಕೂತ ವಂಚಕ ನಿಮ್ಮ ಬೀರುವಿಗೆ ಕೈ ಹಾಕಲಾರ. ನೀವು ನಂಬುವ ಒಬ್ಬರಿಗೆ ಅದು ಎಲ್ಲಿದೆಯೆಂದು ಹೇಳಿ. ನೀವು ಆಸ್ಪತ್ರೆ ಸೇರಿದ ದಿನ ನಿಮ್ಮ ಸ್ವಂತ ಲಿಪಿಯನ್ನು ಮನೆಯವರು ಕೂತು ಬಿಡಿಸುವಂತಾಗಬಾರದು. ಆಮೇಲೆ ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ಬದಲಿಸುತ್ತ ಬನ್ನಿ. ಇಮೇಲ್‌ನಿಂದ ಶುರು ಮಾಡಿ, ಏಕೆಂದರೆ ಬೇರೆ ಎಷ್ಟೋ ಖಾತೆಗಳ ಪಾಸ್‌ವರ್ಡ್ ಬದಲಿಸುವ ಲಿಂಕ್ ಬರುವುದು ಅಲ್ಲಿಗೇ.