ಇಬ್ಬರಿಗೂ ಏಟು ಕೊಟ್ಟ ಒಂದೇ ಕಾನೂನು

ಆತ್ಮೀಯರೇ,

ಮಗಳನ್ನು ಒಬ್ಬರೇ ಸಾಕುತ್ತಿರುವ ನಿಮ್ಮ ಪತ್ರವನ್ನು ಎರಡು ಸಲ ಓದಿದೆ. "ಸ್ತ್ರೀವಾದಿಗಳೂ ಪುರುಷರ ಹಕ್ಕಿನವರೂ ಕೇಳುವುದು ಸಮಾನತೆಯನ್ನೇ, ಹಾಗಿದ್ದ ಮೇಲೆ ಈ ಜಗಳ ಏಕೆ?" ಎಂದು ಕೇಳಿದ್ದೀರಿ. ಶಾಲೆಯಿಂದ ಕರೆ ಬಂದಾಗಲೆಲ್ಲ ನಿಮ್ಮ ದನಿ ಕೇಳಿದ ಕೂಡಲೇ "ತಾಯಿಗೆ ಫೋನ್ ಕೊಡಿ" ಎನ್ನುತ್ತಾರೆಂಬ ಸಾಲು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಆದರೆ ಕೊನೆಯಲ್ಲಿ, ಇದಕ್ಕೆಲ್ಲ ಸ್ತ್ರೀವಾದವೇ ಕಾರಣ ಎಂದು ಬರೆದಿದ್ದೀರಿ. ಅದನ್ನು ಒಪ್ಪಲಾರೆ.

ಅಮೆರಿಕದ ಸ್ಟೀಫನ್ ವೀಸನ್‌ಫೆಲ್ಡ್ ಅವರ ಮೊಕದ್ದಮೆಯನ್ನು ನೋಡಿ. 1972ರಲ್ಲಿ ಅವರ ಪತ್ನಿ, ಶಾಲಾ ಶಿಕ್ಷಕಿ ಪೌಲಾ, ಹೆರಿಗೆಯಲ್ಲಿ ತೀರಿಕೊಂಡರು. ಗಂಡುಮಗು ಉಳಿಯಿತು. ಆ ಮನೆ ನಡೆಯುತ್ತಿದ್ದದ್ದು ಹೆಚ್ಚಾಗಿ ಪೌಲಾ ಅವರ ಸಂಬಳದಿಂದ. ಸಾಮಾಜಿಕ ಭದ್ರತೆಗೆಂದು ಗಂಡಸರ ಸಂಬಳದಿಂದ ಹಿಡಿಯುವಂತೆಯೇ ಅವರ ಸಂಬಳದಿಂದಲೂ ಹಣ ಹಿಡಿಯಲಾಗಿತ್ತು. ಮಗುವನ್ನು ತಾವೇ ನೋಡಿಕೊಳ್ಳಬೇಕೆಂದು ಸ್ಟೀಫನ್ ಅದರಿಂದ ನೆರವು ಕೇಳಿದರೆ, ಅದು ತಾಯಂದಿರಿಗೆ ಮಾತ್ರ ಎಂಬ ಉತ್ತರ ಬಂತು. ಅವರ ಪರವಾಗಿ ವಾದಿಸಿದವರು ಮಹಿಳೆಯರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ವಕೀಲೆ ರೂತ್ ಬೇಡರ್ ಗಿನ್ಸ್‌ಬರ್ಗ್. ಸುಪ್ರೀಂ ಕೋರ್ಟಿನಲ್ಲಿ ವಕೀಲರ ಮೇಜಿನ ಬಳಿ ಆ ತಂದೆಯನ್ನು ತಮ್ಮ ಜೊತೆಯಲ್ಲೇ ಕೂರಿಸಿಕೊಂಡರು. 1975ರಲ್ಲಿ ತೀರ್ಪು ಕೊಟ್ಟ ಎಂಟೂ ನ್ಯಾಯಮೂರ್ತಿಗಳು ಸ್ಟೀಫನ್ ಪರ ನಿಂತರು. ಹೆಂಡತಿಯ ದುಡಿಮೆಯನ್ನು ಕಡಿಮೆಗೆ ಕಟ್ಟಿದ ಕಾನೂನೇ ಗಂಡನಿಂದ ಮಗು ಸಾಕುವ ಅವಕಾಶವನ್ನೂ ಕಿತ್ತುಕೊಂಡಿತ್ತು. ನಿಮ್ಮ ಶಾಲೆಯವರ ಮಾತಿನ ಬೇರೂ ಅಲ್ಲೇ ಇದೆ.

ಗಂಡಸರನ್ನು ಮಾತ್ರ ಸೇನಾ ನೋಂದಣಿಗೆ ಕರೆಯುವುದನ್ನೂ ಅಲ್ಲಿನ ರಾಷ್ಟ್ರೀಯ ಮಹಿಳಾ ಸಂಘಟನೆ ಅದೇ ಕೋರ್ಟಿನಲ್ಲಿ ವಿರೋಧಿಸಿತ್ತು. 1981ರಲ್ಲಿ ಕೋರ್ಟು ಒಪ್ಪಲಿಲ್ಲ, ಅಷ್ಟೆ.

ಹಾಗೆಂದು ಸ್ತ್ರೀವಾದಿಗಳು ಎಡವಿಯೇ ಇಲ್ಲ ಎನ್ನುತ್ತಿಲ್ಲ. ಇದೇ ಸಂಘಟನೆಯ ನ್ಯೂಯಾರ್ಕ್ ಮಂಡಳಿಯಲ್ಲಿದ್ದು, ಮುಂದೆ ಪುರುಷರ ಹಕ್ಕುಗಳ ಪರ ಬರೆದ ಲೇಖಕ ವಾರೆನ್ ಫ್ಯಾರೆಲ್ ಅದರಿಂದ ದೂರವಾದದ್ದು, ವಿಚ್ಛೇದನದ ನಂತರ ಮಕ್ಕಳು ಯಾರ ಪಾಲನೆಯಲ್ಲಿರಬೇಕು ಎಂಬ ಪ್ರಶ್ನೆಯಲ್ಲಿ. ಪಾಲನೆ ಇಬ್ಬರದೂ ಆಗಲಿ ಎಂಬ ಅವರ ವಾದದಲ್ಲಿ ಹುರುಳಿತ್ತು. ಹೊಡೆಯುವ ಗಂಡನ ಕೈಗೆ ಮಗುವನ್ನು ಒಪ್ಪಿಸಬೇಕಾದೀತು ಎಂಬ ತಾಯಂದಿರ ಭಯವೂ ಸುಳ್ಳಲ್ಲ.

ಜಗತ್ತಿನಲ್ಲಿ ಗಂಡಸರ ಆತ್ಮಹತ್ಯೆಯ ಪ್ರಮಾಣ ಹೆಂಗಸರದಕ್ಕಿಂತ ದುಪ್ಪಟ್ಟಿಗೂ ಹೆಚ್ಚು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪುರುಷರ ಹಕ್ಕಿನವರು ಈ ಸಾವುಗಳ ಬಗ್ಗೆ ಮಾತಾಡಿದರೆ ನಾನು ಅವರ ಜೊತೆಗಿದ್ದೇನೆ. ಮರುಕ್ಷಣವೇ, ದೂರು ಕೊಟ್ಟ ಹೆಂಗಸರೆಲ್ಲ ಸುಳ್ಳುಗಾರ್ತಿಯರು ಎಂದು ಶುರುಮಾಡಿದರೆ, ಅವರ ಗುರಿ ಸಮಾನತೆಯಲ್ಲ.

ಶಾಲೆಯ ಕರೆಯ ವಿಷಯವನ್ನೇ ಬಿಡಿಸಿ ಒಂದು ಲೇಖನ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಜಾಗ ಇಟ್ಟಿದ್ದೇನೆ.

– ಸಂಪಾದಕಿ