ಡಿಶ್‌ನ ಮೂತಿಗೆ ಫ್ರಿಜ್ ಯಾಕೆ?

ಪ್ರಶ್ನೆ: ಬಾಹ್ಯಾಕಾಶದ ರೇಡಿಯೋ ಅಲೆ ಹಿಡಿಯುವ ದೊಡ್ಡ ಡಿಶ್‌ಗಳ ರಿಸೀವರನ್ನು ಮೈನಸ್ 250 ಡಿಗ್ರಿಗೂ ಕೆಳಗೆ ತಣ್ಣಗಿಡುತ್ತಾರಂತೆ. ನಮ್ಮ ಮಾಳಿಗೆಯ ಟಿವಿ ಡಿಶ್ ಚಿತ್ರದುರ್ಗದ ಬಿಸಿಲಲ್ಲೇ ಓಡುತ್ತಲ್ವಾ ಸರ್?
— ಓದುಗರು, ಚಿತ್ರದುರ್ಗ

ಉತ್ತರ: ಓಡುತ್ತೆ. ಟಿವಿ ಉಪಗ್ರಹ ನಮ್ಮ ಕಡೆಗೇ ಮುಖ ಮಾಡಿ ಕೂಗುತ್ತದೆ. ದೂರದ ಗ್ಯಾಲಕ್ಸಿಗಳದ್ದು ಬರೀ ಪಿಸುಮಾತು.

ದಾವಣಗೆರೆಯ ನಮ್ಮ ಮನೆ ಡಿಶ್‌ನ ಎಲ್‌ಎನ್‌ಬಿಯನ್ನು (ಡಿಶ್‌ನ ಎದುರು ಕೋಲಿನ ತುದಿಯಲ್ಲಿರುವ ರಿಸೀವರ್ ಮೂತಿ) ಒಮ್ಮೆ ಮಂಗ ಕಿತ್ತು ಹಾಕಿತ್ತು. ಸುಮ್ನೆ ಎಸೆಯುವ ಬದಲು ಬಿಚ್ಚಿ ನೋಡಿದೆ. ಕೊಳವೆಯೊಳಗೆ ಎರಡು ಸಣ್ಣ ಪಿನ್ನು, ಒಂದು ಅಡ್ಡ, ಒಂದು ಉದ್ದ. ನಿಜವಾದ ಆಂಟೆನಾ ಅದೇ! ಡಿಶ್ ಬರೀ ಕನ್ನಡಿ. ಪಿನ್ನಿನ ಬೆನ್ನಿಗೇ ಸಿಗ್ನಲ್ಲನ್ನು ದೊಡ್ಡದು ಮಾಡುವ ಆಂಪ್ಲಿಫೈಯರ್.

ದೊಡ್ಡ ಡಿಶ್‌ನಲ್ಲೂ ಹೆಚ್ಚುಕಮ್ಮಿ ಇದೇ ಕಥೆ. ಆದರೆ ಬೆಚ್ಚಗಿರುವ ಆಂಪ್ಲಿಫೈಯರಿನೊಳಗೆ ಎಲೆಕ್ಟ್ರಾನ್‌ಗಳು ಗುಜುಗುಜು ಅನ್ನುತ್ತವೆ. ಮೊದಲ ಹಂತದಲ್ಲೇ ಆ ಗದ್ದಲ ಸೇರಿದರೆ ಮುಂದಿನ ಹಂತಗಳು ಅದನ್ನೂ ದೊಡ್ಡದು ಮಾಡುತ್ತವೆ, ಪಿಸುಮಾತು ಮುಳುಗಿಹೋಗುತ್ತೆ. ಅದಕ್ಕೇ ಅಮೆರಿಕದ ಗ್ರೀನ್ ಬ್ಯಾಂಕ್‌ನ 100 ಮೀಟರ್ ಡಿಶ್‌ನಂಥ ಕಡೆ ಹೀಲಿಯಂ ಫ್ರಿಜ್ ಕೂರಿಸುತ್ತಾರೆ.

ಎಲ್ಲ ಕಡೆ ಬೇಕಿಲ್ಲ. ಪುಣೆ ಬಳಿಯ ಜಿಎಂಆರ್‌ಟಿ ಎಂಬ ರೇಡಿಯೋ ದೂರದರ್ಶಕದಲ್ಲಿ 45 ಮೀಟರ್‌ನ 30 ಡಿಶ್‌ಗಳಿವೆ. ಅಲ್ಲಿ ಕೇಳುವುದು ಕಡಿಮೆ ಆವರ್ತನದ ಅಲೆಗಳನ್ನು. ಅವುಗಳಲ್ಲೂ ತೀರಾ ಕೆಳಗೆ ಇಳಿದರೆ ನಮ್ಮ ಆಕಾಶಗಂಗೆಯ ಗಲಾಟೆಯೇ ರಿಸೀವರಿಗಿಂತ ಜಾಸ್ತಿ. ಫ್ರಿಜ್ ಇಟ್ಟು ಏನು ಮಾಡೋಣ?