100 ಕಿ.ಮೀ. ಆಳದ ಕಡಲಿಗೆ ಕಲ್ಲಿನ ತಳ ಸಿಗುವುದಿಲ್ಲ

ನೀವು ಬರೆಯುತ್ತಿರುವ ಕಥೆಯಲ್ಲಿ ನೆಲವೇ ಇಲ್ಲದ ಗ್ರಹ, 100 ಕಿ.ಮೀ. ಆಳದ ಕಡಲು, ಕಥಾನಾಯಕಿ ತಳದ ಬಂಡೆ ಮುಟ್ಟಬಹುದೇ ಎಂದು ಕೇಳಿದ್ದೀರಿ. ಆಗುವುದಿಲ್ಲ. ಬಂಡೆಗಿಂತ ಮೊದಲು ಮಂಜುಗಡ್ಡೆ ಅಡ್ಡ ಬರುತ್ತದೆ.

ಭೂಮಿಯಷ್ಟೇ ಗುರುತ್ವವಿದ್ದರೆ ಪ್ರತಿ 10 ಮೀಟರಿಗೆ ಸುಮಾರು ಒಂದು ವಾಯುಭಾರದಷ್ಟು ಒತ್ತಡ ಏರುತ್ತದೆ. ಆಳದ ನೀರು 0 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ, 60 ಕಿ.ಮೀ. ಹೊತ್ತಿಗೆ ಬರೀ ಒತ್ತಡಕ್ಕೇ ಗಟ್ಟಿಯಾಗಿ ಐಸ್-6 ಎಂಬ ಬೇರೆ ಬಗೆಯ ಮಂಜುಗಡ್ಡೆ ಆಗುತ್ತದೆ. ಫ್ರಿಜ್ಜಿನ ಐಸಿನಂತೆ ಇದು ತೇಲುವುದಿಲ್ಲ. ನೀರಿಗಿಂತ ಭಾರ, ತಳದಲ್ಲೇ ಕೂರುತ್ತದೆ.

ಇದರ ಪೆಟ್ಟು ಬೀಳುವುದು ನಿಮ್ಮ ಜಲಚರಗಳ ಹೊಟ್ಟೆಗೆ. ಬಂಡೆಗೂ ನೀರಿಗೂ ನಡುವೆ ಹತ್ತಾರು ಕಿ.ಮೀ. ಐಸ್ ಇದ್ದರೆ ರಂಜಕ, ಕಬ್ಬಿಣ ಮೇಲೆ ಬರುವುದು ಬಲು ಕಷ್ಟ. ಅವಿಲ್ಲದೆ ಪಾಚಿ ಬೆಳೆಯದು, ಪಾಚಿಯಿಲ್ಲದೆ ದೊಡ್ಡ ಪ್ರಾಣಿಗಳಿಗೆ ಊಟವಿಲ್ಲ.

ಆಳವನ್ನು 15 ಕಿ.ಮೀ.ಗೆ ಇಳಿಸಿಬಿಡಿ. ಬುಡದಿಂದ ಸುಮಾರು 10 ಕಿ.ಮೀ. ಎತ್ತರವಿರುವ ಹವಾಯಿಯ ಮೌನಾ ಕೇಆದಂಥ ಪರ್ವತವೂ ಪೂರ್ತಿ ಮುಳುಗಿರುತ್ತದೆ. ತಳ ಬಂಡೆಯೇ, ಬಿಸಿನೀರಿನ ಬುಗ್ಗೆಗಳಿಂದ ಖನಿಜವೂ ಸಿಗುತ್ತದೆ. ಆದರೆ ಅಲ್ಲಿ ಸುಮಾರು 1,500 ವಾಯುಭಾರ, ಡೈವಿಂಗ್ ಸೂಟು ಸಾಲದು. ಕಥಾನಾಯಕಿಯನ್ನು ದಪ್ಪ ಲೋಹದ ಗೋಳದೊಳಗೆ ಕೂರಿಸಿ. ಇಳಿಯಲು ಸಮಯವನ್ನೂ ಕೊಡಿ: 1960ರಲ್ಲಿ ಟ್ರಿಯೆಸ್ಟ್ ನೌಕೆಗೆ ಮರಿಯಾನಾ ಕಂದಕದ ಸುಮಾರು 11 ಕಿ.ಮೀ. ಇಳಿಯಲು 5 ತಾಸಿನಷ್ಟು ಹಿಡಿದಿತ್ತು.